ಅಪ್ಪ ಓದದ ಕೊನೆಯ ಪುಟ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಭಾವ ಬೆಳಗಿನ ವಾಕಿಂಗ್ ಬಿಟ್ಟಿಲ್ಲ ತಾನೆ? ನನ್ನ ಕನ್ನಡಕದ ನಂಬರು ಮತ್ತೆ ಏರಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ಅಪ್ಪನ ಹೆಸರೆತ್ತಿದ ಕೂಡಲೇ ನಿನಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ಅದಕ್ಕೇ ಈ ಕಾಗದ. ಅಪ್ಪ ಹಾಸಿಗೆ ಹಿಡಿದು ಎರಡು ತಿಂಗಳಾಯಿತು. ನೀನೊಮ್ಮೆ ಬಂದು ಅವರ ಮುಖ ನೋಡಬೇಕು ಎಂಬುದಷ್ಟೇ ನನ್ನ ಆಸೆ. ಬೇಡ ಅನ್ನುವ ಮೊದಲು, ಕ್ಲಾಸಿನಲ್ಲಿ ನನಗಾದ ಪಜೀತಿ ಕೇಳು.

ನಲವತ್ತೆಂಟಕ್ಕೆ ಎಂ.ಎ. ಓದಲು ಕೂತವಳನ್ನು ಹುಡುಗಿಯರು ಆಂಟಿ ಅನ್ನುತ್ತಾರೆ, ನನಗಿಂತ ಚಿಕ್ಕವರಾದ ಮೇಷ್ಟ್ರು ಮೇಡಂ ಅನ್ನುತ್ತಾರೆ. ಕಳೆದ ವಾರ ನನ್ನ ಸೆಮಿನಾರು. ವಿಶ್ಲೇಷಿಸಲು ಕೊಟ್ಟದ್ದು ಅಮೆರಿಕದ ಒಂದು ಹಳೆಯ ಸಣ್ಣಕಥೆ. ಜೆರಾಕ್ಸ್ ಪ್ರತಿಯ ಮೊದಲ ಸಾಲು ನೋಡುತ್ತಲೇ ಕುಣಿದಾಡುವಷ್ಟು ಖುಷಿಯಾಯಿತು. ನಮ್ಮ ದೀಪಸ್ತಂಭದ ಕಥೆ ಅಕ್ಕಾ! ಪ್ರೆಸ್ಸಿನಲ್ಲಿ ದಿನವಿಡೀ ಕರಡು ತಿದ್ದಿ ಬಂದ ಅಪ್ಪ, ಅಂಗಿಯ ತೋಳಿನ ಕೆಂಪು ಮಸಿಯನ್ನೂ ತೊಳೆಯದೆ, ಇಂಗ್ಲಿಷ್ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಮಾತಿನಲ್ಲಿ ಹೇಳುತ್ತಿದ್ದರಲ್ಲ, ಅದೇ. ನಡುಗಡ್ಡೆಯಲ್ಲಿ ದೀಪ ಕಾಯುವವನ ಹೆಂಡತಿಗೆ ಕಾಯಿಲೆ. ಡಾಕ್ಟರು ದೋಣಿಯಲ್ಲಿ ಕರೆದೊಯ್ಯುತ್ತಾರೆ. ದೀಪ ಬಿಟ್ಟು ಹೋಗುವಂತಿಲ್ಲದ ಅವನು, ಅವಳ ದೋಣಿಗೆ ದಾರಿ ಕಾಣಲೆಂದು ಹಗಲಲ್ಲೂ ಅದನ್ನು ಆರಿಸದೆ ಕಾಯುತ್ತಾನೆ. ಕೊನೆಯಲ್ಲಿ ದೋಣಿ ಬರುತ್ತದೆ, ಅವಳು ಇಳಿದವಳೇ ಸೊಂಟಕ್ಕೆ ಕೈಯಿಟ್ಟು, "ಹಗಲೊತ್ತಲ್ಲಿ ದೀಪ ಉರಿಸ್ತಿದ್ದೀರಲ್ಲ, ಎಣ್ಣೆ ನಿಮ್ಮಪ್ಪ ಕೊಡ್ತಾರಾ?" ಎಂದು ಬಯ್ಯುತ್ತಾಳೆ. ನಾವಿಬ್ಬರೂ ಆ ಮಾತಿಗಾಗಿಯೇ ಕಾದು ಬಿದ್ದು ಬಿದ್ದು ನಗುತ್ತಿದ್ದೆವು. ಬಾಯಿಪಾಠವಾಗಿರುವುದನ್ನು ಮತ್ತೇನು ಓದುವುದೆಂದು ಕೊನೆಯ ಪುಟವನ್ನು ನಾನು ತಿರುವಲೇ ಇಲ್ಲ.

ಎದ್ದು ನಿಂತು ಬಹಳ ಚೆನ್ನಾಗಿಯೇ ಮಾತಾಡಿದೆ. ಆ ಬೈಗುಳವೇ ಕಥೆಯ ಜೀವ, ಇಷ್ಟು ದಿನದ ಭಯವೆಲ್ಲ ಅಲ್ಲಿ ಪ್ರೀತಿಯಾಗಿ ಕರಗುತ್ತದೆ ಅಂದೆ. ಮುಂದಿನ ಬೆಂಚಿನ ಹುಡುಗಿ ಹಾಳೆ ಮಗುಚುತ್ತಾ, "ಆಂಟೀ, ಹೆಂಡ್ತಿ ವಾಪಸ್ ಎಲ್ಲಿ ಬಂದ್ಲು?" ಅಂದಳು. ಹಿಂದಿನಿಂದ ಯಾರೋ, "ಆಂಟಿ ಸಿನಿಮಾ ನೋಡ್ಕೊಂಡು ಬಂದವ್ರೆ ಬಿಡೇ" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ಮೆಲ್ಲಗೆ, "ಮೇಡಂ, ಕೊನೇ ಪುಟ ಒಂದ್ಸಲ ನೋಡಿ" ಅಂದರು. ನಿಂತಲ್ಲೇ ಓದಿದೆ. ದೋಣಿಯಲ್ಲಿ ಡಾಕ್ಟರೊಬ್ಬರೇ. ಅವರ ಮೊಣಕಾಲ ಮೇಲೆ ಅವಳ ಶಾಲು, ನಾಲ್ಕು ಮಡಿಕೆಯಾಗಿ. ದೀಪದವನು ಏನೂ ಕೇಳದೆ ಮೇಲೆ ಹತ್ತಿಹೋಗಿ ದೀಪ ಆರಿಸುತ್ತಾನೆ. ಅಷ್ಟೇ. ಓದಿ ತಲೆಯೆತ್ತಿದಾಗ ಯಾರೂ ನಗುತ್ತಿರಲಿಲ್ಲ. ನನ್ನ ಮುಖ ಹೇಗಿತ್ತೋ.

ಹಾಗಾದರೆ ಆ ಬೈಗುಳ ಯಾರದು? ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. "ರೀ, ಹಗಲೊತ್ತಲ್ಲಿ ಲೈಟು ಉರಿಸ್ತಿದ್ದೀರಲ್ಲ, ಕರೆಂಟು ನಿಮ್ಮಪ್ಪ ಕೊಡ್ತಾರಾ?" ನಮ್ಮಮ್ಮನದು. ದೀಪದವನ ಹೆಂಡತಿಯನ್ನು ದಡಕ್ಕೆ ಇಳಿಸಲು ಅಪ್ಪ ಅಮ್ಮನ ದನಿಯನ್ನು ತಂದಿದ್ದರು. ಆ ಅಮ್ಮನೇ ಆಸ್ಪತ್ರೆಯಲ್ಲಿದ್ದಾಗ ಅಪ್ಪ ನಿನ್ನ ಹಾಸ್ಟೆಲಿಗೆ ಫೋನು ಮಾಡಿ, "ಅಮ್ಮ ಹುಷಾರಾಗ್ತಿದ್ದಾಳೆ ಮರಿ, ಪರೀಕ್ಷೆ ಮುಗಿಸ್ಕೊಂಡೇ ಬಾ" ಅಂದರು. ನೀನು ಬಂದಾಗ ಎಲ್ಲ ಮುಗಿದಿತ್ತು. "ನನ್ನಮ್ಮನ್ನ ಕೊನೇ ಸಲ ನೋಡೋಕೂ ಬಿಡ್ಲಿಲ್ಲ ನೀವು" ಎಂದು ಹೊಸಿಲಲ್ಲಿ ನಿಂತು ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಅಪ್ಪ ಮಾಡಿದ್ದು ಸರಿ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಮನೆಗೆ ಬಂದು ಆ ಪುಟವನ್ನು ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. "ಗೊತ್ತು ಕಣೆ. ಅಲ್ಲಿಗೆ ಬಂದ್ರೆ ನಾಲಿಗೆ ಏಳ್ತಿರ್ಲಿಲ್ಲ" ಅಂದರು. ಬಿಟ್ಟುಹೋದ ಒಂದು ಅಲ್ಪವಿರಾಮವನ್ನೂ ಕ್ಷಮಿಸದ ಮನುಷ್ಯ ಅಕ್ಕಾ! ಆಮೇಲೆ, "ದೊಡ್ಡವಳ ಹತ್ರಾನೂ ಹಂಗೇ ಆಯ್ತು" ಎಂದು ಗೋಡೆಯ ಕಡೆ ತಿರುಗಿಕೊಂಡರು. ಅಮ್ಮನ ಶಾಲು ಅವರ ಕಾಲಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಎತ್ತಿಕೊಂಡೆ, ಮಡಿಸಲು ಕೈ ಬರಲಿಲ್ಲ. ಹಾಗೇ ಹೊದಿಸಿದೆ.

ಮೇಷ್ಟ್ರು ಸೆಮಿನಾರನ್ನು ಮತ್ತೊಮ್ಮೆ ಬರೆದುಕೊಡಿ ಅಂದಿದ್ದಾರೆ. ಮೊದಲ ಸಾಲಿನಿಂದ ಮುಂದೆ ಪೆನ್ನು ಓಡುತ್ತಿಲ್ಲ. ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ನಿನ್ನ
ಪುಟ್ಟಿ

ತಾ.ಕ.: ಲಕೋಟೆ ಅಂಟಿಸಲು ಹೊರಟಾಗ ಅಪ್ಪ ಯಾರಿಗೆಂದು ಕೇಳಿದರು. ಹೇಳಿದೆ. "ನಾನು ಚೆನ್ನಾಗಿದ್ದೀನಿ ಅಂತ ಬರಿ, ಸುಮ್ನೆ ಅವಳನ್ನ ಯಾಕೆ ಅಲೆಸ್ತೀಯ" ಅಂದರು. ಹೂಂ ಅಂದೆ. ಅಕ್ಕಾ, ಅಪ್ಪ ಚೆನ್ನಾಗಿಲ್ಲ. ಇನ್ನು ಔಷಧಿ ಬದಲಿಸಿ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಈ ಸಲ ನಿನಗೆ ನಿಜ ಗೊತ್ತಿರಲಿ. ಬಾಗಿಲ ಲೈಟನ್ನು ಹಗಲಲ್ಲೂ ಆರಿಸಲು ಅಪ್ಪ ಬಿಡುತ್ತಿಲ್ಲ. ಬಂದು ಬೈ.