ಕೈ ಹಿಂದೆ

ಪ್ರೀತಿಯ ಅಮ್ಮು,

ನಿನ್ನೆ ನಾನು ಹೇಳದೆ ಬಂದು, ಚಹಾ ಕೂಡ ಕುಡಿಯದೆ ಹೊರಟದ್ದು ನಿನಗೆ ಬೇಸರವಾಗಿರಬೇಕು. ಎದುರಿಗೆ ಹೇಳಲು ನಮ್ಮಿಬ್ಬರ ನಡುವೆ ಭಾಷೆಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಕಾಲದಲ್ಲಿ ಇತ್ತು. ಸುಳ್ಯದ ಹತ್ತಿರ ನಮ್ಮ ಮರ್ಕಂಜದ ಮನೆಯಲ್ಲಿ ನೀನು ಅಂಗೈಗೆ ಎಣ್ಣೆ ಸವರಿಕೊಂಡಂತೆ ಮಾಡಿದರೆ ಹಲಸಿನಹಣ್ಣು ಬೇಕೆಂದು ಅರ್ಥ. ಕಿವಿಯ ಹಾಲೆ ಜಗ್ಗಿದರೆ ಅಜ್ಜಿ. "ಕಿವಿ ಇಲ್ಲದಿದ್ದರೆ ಎಂತ, ಇದರ ಕೈಗೆ ಹತ್ತು ಬಾಯಿ ಉಂಟು ಮಾರಾಯ್ತಿ!" ಎಂದು ತಿಮ್ಮಜ್ಜಿ ನಗುತ್ತಿದ್ದಳು. ಆಮೇಲೆ ನಿನ್ನನ್ನು ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದರು. ಮೊದಲ ರಜೆಗೆ ಬಂದ ನೀನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದೆ. ಬೆರಳ ಗೆಣ್ಣುಗಳ ಮೇಲೆ ಸ್ಕೇಲಿನ ಬರೆ. "ಕೈ ಆಡಿಸಿದರೆ ಬಾಯಿ ಬರುದಿಲ್ಲ, ಮನೆಯಲ್ಲೂ ಬಿಡಬೇಡಿ" ಎಂದು ಟೀಚರು ಅಪ್ಪನಿಗೆ ತಾಕೀತು ಮಾಡಿದ್ದರು.

ಎಷ್ಟೋ ವರ್ಷಗಳ ನಂತರ ಓದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಇಟಲಿಯ ಮಿಲಾನಿನಲ್ಲಿ, ಕಿವಿ ಚೆನ್ನಾಗಿ ಕೇಳುವ ಮೇಷ್ಟ್ರುಗಳು ಸಭೆ ಸೇರಿ, ಕಿವುಡರಿಗೆ ಕೈಸನ್ನೆ ಬೇಡವೆಂದು ಮತ ಹಾಕಿದರಂತೆ. ಯಾರದೋ ಆ ಮತ ಸಮುದ್ರ ದಾಟಿ ಬಂದು ಸುಳ್ಯದ ಹುಡುಗಿಯ ಬೆರಳಿಗೆ ಬಡಿಯಿತು! ನಿನ್ನನ್ನು ಮೂಕಿ ಮಾಡಿದರೆಂದು ಈವರೆಗೆ ಎಲ್ಲರೊಡನೆ ಜಗಳವಾಡಿದ್ದೇನೆ.

ಓದು ಮುಗಿದ ಮೇಲೂ ನೀನು ಹೊಲಿಗೆ ಕಲಿತು ಆ ಶಾಲೆಯವರದೇ ಮಹಿಳಾ ನಿಲಯದಲ್ಲಿ ಉಳಿದೆ. ಈಗ ನಿಲಯ ಮುಚ್ಚುತ್ತದೆ, ಎಲ್ಲರೂ ಅವರವರ ಕುಟುಂಬಕ್ಕೆ ಹೋಗಬೇಕಂತೆ. ಅದಕ್ಕೇ ನಿನ್ನೆ ನಿನ್ನನ್ನು ಕರೆದೊಯ್ಯಲು ಬಂದೆ.

ನೀನು ಹಿತ್ತಿಲ ಕಲ್ಲಿನ ಮೇಲೆ, ನಿನ್ನ ಜೊತೆಗೇ ಓದಿದ ಹರಿಣಾಕ್ಷಿಯ ಜೊತೆ ಕೂತಿದ್ದೆ. ನಿಮ್ಮ ನಾಲ್ಕು ಕೈಗಳೂ ಹಾರುತ್ತಿದ್ದವು. ನೀನು ಯಾರದೋ ನಡಿಗೆಯನ್ನು ಅಣಕಿಸಿದೆ, ಅವಳು ನಗುತ್ತಾ ನಿನ್ನ ತೊಡೆಗೆ ಹೊಡೆದಳು. "ಶಾಲೆಯಲ್ಲಿ ಟೀಚರು ಬೆನ್ನು ತಿರುಗಿಸಿದಾಗ ಮಕ್ಕಳೇ ಮಾಡಿಕೊಂಡ ಭಾಷೆ ಅದು. ಇವರಿಬ್ಬರ ಪಂಚಾತಿಕೆ ಊಟಕ್ಕೆ ಕರೆದರೂ ಮುಗಿಯುದಿಲ್ಲ ಮಾರಾಯ್ರೆ" ಎಂದರು ವಾರ್ಡನ್.

ಅಷ್ಟರಲ್ಲಿ ನೀನು ನನ್ನನ್ನು ಕಂಡೆ. ಕೈಗಳು ಬೆನ್ನ ಹಿಂದೆ ಹೋದವು.

ಬಸ್ಸಿನಲ್ಲಿ ಜಾಲ್ಸೂರಿನವರೆಗೂ ಅಳುತ್ತಲೇ ಇದ್ದೆ, ಅಮ್ಮು. ನೀನು ಮೂಕಿಯಾಗಿರಲೇ ಇಲ್ಲ. ನಮ್ಮ ಮುಂದೆ ಮಾತ್ರ.

ಹರಿಣಾಕ್ಷಿಗೆ ಮನೆಯವರು ಯಾರೂ ಇಲ್ಲವಂತೆ. ಇಬ್ಬರೂ ಬನ್ನಿ, ವಾರ್ಡನ್‌ಗೆ ಈಗಲೇ ಫೋನ್ ಮಾಡುತ್ತೇನೆ. ನಾನೊಬ್ಬಳೇ ಇರುವ ಮನೆ, ಜಾಗ ಬೇಕಾದಷ್ಟುಂಟು. ನೀವು ಚಾವಡಿಯಲ್ಲಿ ಮಾತಿಗೆ ಕೂತಾಗ ನಾನು ಗೋಡೆಗೆ ಮುಖ ಮಾಡಿ ಅಕ್ಕಿ ಆರಿಸುತ್ತಿರುತ್ತೇನೆ. ನಾನು ತಿರುಗಿ ನೋಡಬಹುದು ಎಂದು ನಿನಗೆ ಅನಿಸಿದ ದಿನ, ಬಂದು ನನ್ನ ಭುಜ ಮುಟ್ಟು.

ನಿಮ್ಮಿಬ್ಬರ ನಗು ಹಾಗೇ ಇರಲಿ.

ದಾರಿ ನೋಡುವ ನಿನ್ನ ಅಕ್ಕ,
ದೇವಮ್ಮ