ಅಮ್ಮಿಯ ಮಂಚಕ್ಕೆ ಮೋಟಾರು

ಕಹಕಶಾನ್ ಆಪಾ,

ನಿನ್ನ ವಿಳಾಸ ನನ್ನ ಹತ್ತಿರ ಇಲ್ಲ. ಆದರೂ ಬರೆಯದೆ ಕೂರಲು ಆಗುತ್ತಿಲ್ಲ.

ಸೊಂಟದ ಮೂಳೆ ಮುರಿದು ಮಲಗಿರುವ ಅಮ್ಮಿಯ ಮಂಚಕ್ಕೆ ಮೋಟಾರು ಕೂರಿಸಿದ್ದೇನೆ. ಎರಡು ರಿಲೇ ಸ್ವಿಚ್ಚುಗಳಿವೆ. ಒಂದು ಆನ್ ಆದರೆ ಮೋಟಾರು ಮುಂದಕ್ಕೆ ತಿರುಗಿ ತಲೆಯ ಕಡೆ ಏಳುತ್ತದೆ, ಇನ್ನೊಂದು ಆನ್ ಆದರೆ ಹಿಂದಕ್ಕೆ ತಿರುಗಿ ಇಳಿಯುತ್ತದೆ. ಇವನ್ನು ನಡೆಸುವ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸಿದ ಹಾಗೆ ಮಾಡುವುದು, ಚೌಕಗಳನ್ನಿಟ್ಟು ಗೆರೆ ಎಳೆದು ಜೋಡಿಸಿದರಾಯಿತು. ಪಾಂಡವಪುರದ ಕಾಲೇಜಿನಲ್ಲಿ ನಾನು ಕಲಿಸುವುದೂ ಇದನ್ನೇ.

ಮಂಚದ ತಲೆಯ ಕಡೆಯನ್ನು ಅರ್ಧ ಎತ್ತಿಯೇ ಮೋಟಾರು ಬಿಗಿದಿದ್ದೆ. ಮಧ್ಯಾಹ್ನ ಅಮ್ಮಿಯನ್ನು ಮಲಗಿಸಿ 'ಮೇಲೆ' ಎಂಬ ಗುಂಡಿ ಒತ್ತಿದೆ. ಪ್ರೋಗ್ರಾಮಿನಲ್ಲಿ ಎರಡು ಗೆರೆಗಳು ಅದಲುಬದಲಾಗಿದ್ದವು. ಮಂಚ ಒಮ್ಮೆಲೇ ಕೆಳಗಿಳಿಯತೊಡಗಿತು. ಅಮ್ಮಿ ಕಿರುಚಿದಳು.

"ಕಹಕಶಾನ್! ಇಡ್ಕೊಳೇ!"

ಮದುವೆ ಬೇಡವೆಂದು ನೀನು ಮನೆ ಬಿಟ್ಟ ಮೇಲೆ ಅವಳ ಬಾಯಿಂದ ಒಮ್ಮೆಯೂ ಬಾರದ ಹೆಸರು. ಅವಳ ಕೈ ಹಿಡಿದುಕೊಂಡು ನಿಂತಿದ್ದವಳು ನಾನು, ನಿನ್ನ ತಂಗಿ.

ಗೆರೆಗಳನ್ನು ಸರಿಮಾಡಿ ಮತ್ತೆ ಒತ್ತಿದೆ. ಈ ಸಲ ಮಂಚ ನಿಧಾನವಾಗಿ ಎದ್ದಿತು. ಮಂಚದ ಜೊತೆ ಎದ್ದು ಕೂತ ಅಮ್ಮಿ ಕೇಳಿದಳು, "ಎಲ್ಲವ್ಳೇ ಅವ್ಳು?"

"ಮೈಸೂರಲ್ಲಿ," ಅಂದುಬಿಟ್ಟೆ. ನೀನೆಲ್ಲಿದ್ದೀಯೋ ನನಗೇನು ಗೊತ್ತು?

"ಇಷ್ಟು ಅತ್ರದಲ್ಲಾ?" ಎಂದಳು.

ಸಂಜೆಯಿಂದ ಕೇಳುತ್ತಲೇ ಇದ್ದೇನೆ, "ಇಳಿಸ್ಲಾ ಅಮ್ಮಿ? ಬೆನ್ನು ನೋಯ್ತದೆ."

"ಬ್ಯಾಡ ಬುಡು. ಇಂಗಿದ್ರೆ ಬಾಗ್ಲು ಕಾಣ್ತದೆ."

ಬೀದಿಯಲ್ಲಿ ಆಟೋ ನಿಂತ ಸದ್ದಾದಾಗಲೆಲ್ಲ ಬಾಗಿಲು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾಳೆ.