ಹಸಿವಾಸನೆ ಹೋಗುವವರೆಗೆ

ಭಾನುವಾರ, ತಾರೀಖು ಹದಿನೇಳು
ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ

ನನ್ನ ಗುಂಡುಸೂಜಿಗೆ,

ಅಜ್ಜಿ ಗಟ್ಟಿಯಾಗಿದ್ದಾಳೆ, ನೀನೂ ಹಾಗೇ ಇರು ಎಂದು ಹರಸಿ ಬರೆಯುವುದು. ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ಬರಲಿಲ್ಲವೆಂದು ನೀನು ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೊಂಡಾಗ ಆ ಮುಖ ಹೇಗಿರುತ್ತದೆ ಅನ್ನುವುದೂ ನನಗೆ ಗೊತ್ತು, ಕನ್ನಡಿ ನೋಡಿಕೊಳ್ಳಬೇಡ. ಮೊದಲ ವಾರ ನನ್ನ ಕನ್ನಡಕದ ಕಾಲು ಕಳಚಿಕೊಂಡಿತ್ತು. ನಿಮ್ಮಪ್ಪ ಊರವರ ಬೀಗವನ್ನೆಲ್ಲ ರಿಪೇರಿ ಮಾಡುತ್ತಾನೆ, ಹೆತ್ತವಳ ಕನ್ನಡಕಕ್ಕೆ ಒಂದು ಸ್ಕ್ರೂ ತಿರುಗಿಸಲು ಎಂಟು ದಿನ ತೆಗೆದುಕೊಂಡ. ಆಮೇಲಿನ ಎರಡು ವಾರ ಮಾತ್ರ ನಾನೇ ಬೇಕೆಂದೇ ಬರೆಯಲಿಲ್ಲ. ಸೋತು ಕಾಗದ ಬರೆಯುವ ಅಭ್ಯಾಸ ನನಗಿಲ್ಲ. ಇವತ್ತು ಗೆದ್ದೆ. ಒದ್ದೆ ಕೈ ಒರೆಸಿಕೊಂಡು ನೇರ ಪೆನ್ನು ಹಿಡಿದಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಬರವಣಿಗೆ, ತಪ್ಪಿದ್ದರೆ ನೀನೇ ತಿದ್ದಿಕೋ. ನಿನ್ನ ದೊಡ್ಡಮ್ಮನಿಗೆ ತೋರಿಸಬೇಡ, ಟೀಚರಮ್ಮ ಕೆಂಪು ಪೆನ್ನು ಹೊರತೆಗೆದುಬಿಡುತ್ತಾಳೆ.

ನೀನು ಕಳಿಸಿದ ಪಾರ್ಸಲ್ಲು ಒಡೆಯದೆ ಬಂತು. ಆಲಿವ್ ಎಣ್ಣೆಯ ಸೀಸೆ, ಉಪ್ಪುನೀರಿನಲ್ಲಿ ಮುಳುಗಿದ ಬಿಳಿ ಚೀಸಿನ ಡಬ್ಬಿ, ಒಣಗಿದ ಸೊಪ್ಪಿನ ಪುಡಿಯ ಪೊಟ್ಟಣ, ಟೊಮೆಟೊ-ಮೊಟ್ಟೆಯ ಗ್ರೀಕ್ ತಿಂಡಿ ಮಾಡುವ ಬಗೆ ಬರೆದ ನಿನ್ನ ಹಾಳೆ, ಎಲ್ಲಾ. ಎಣ್ಣೆಯನ್ನು ಮೊದಲು ಕಂಡವನು ನಿಮ್ಮಪ್ಪ. ಬಹಳ ತೆಳುವಾಗಿದೆ, ಒಳ್ಳೇ ಜಾತಿಯ ಎಣ್ಣೆ ಅಂದುಕೊಂಡು ಮೂರು ಹನಿ ಬೀರುವಿನ ಬೀಗಕ್ಕೆ ಬಿಟ್ಟ. ಬೀರು ಈಗ ಗ್ರೀಕ್ ದೇಶದ ಬೀರುವಿನ ಹಾಗೆ ಸದ್ದಿಲ್ಲದೆ ತೆರೆಯುತ್ತದೆ. ನೀನು ಕೆಲಸ ಮಾಡುವ ಹೋಟೆಲಿನಲ್ಲಿ ಬೆಳಗಿನ ಹೊತ್ತು ಈ ತಿಂಡಿಯನ್ನೇ ಇನ್ನೂರು ಜನಕ್ಕೆ ಮಾಡಿ ಹಾಕುತ್ತೇನೆಂದು ಬರೆದಿದ್ದೀಯ. ಮೊಟ್ಟೆ ಒಡೆದರೆ ಸಿಪ್ಪೆ ಒಳಗೂ ಲೋಳೆ ಹೊರಗೂ ಬೀಳಿಸುತ್ತಿದ್ದ ಹುಡುಗಿ ಇವಳೇನಾ ಎಂದು ಆ ಸಾಲನ್ನು ಎರಡು ಸಲ ಓದಿದೆ.

ಪಾರ್ಸಲ್ಲು ಬಂದ ವಾರವೇ ಮನೆಯಲ್ಲಿ ನನ್ನ ವಿಚಾರಣೆ ನಡೆಯಿತು. ನಿಮ್ಮಮ್ಮ ಚಾಡಿ ಬರೆದಿರುತ್ತಾಳೆ, ನನ್ನ ಬಾಯಲ್ಲೂ ಕೇಳು. ಎರಡು ತಿಂಗಳಲ್ಲಿ ಮೂರು ಪಾತ್ರೆ ಸುಟ್ಟೆ. ಎರಡು ಸಲ ಹಾಲು, ಒಂದು ಸಲ ಬೇಳೆ. ಮೂರನೆಯ ಪಾತ್ರೆಯ ತಳ ಕಲ್ಲಿದ್ದಲಾಗಿತ್ತು. ನಿಮ್ಮಮ್ಮ ದಿನವಿಡೀ ಬಸ್ಸಿನಲ್ಲಿ ಟಿಕೆಟ್ ಹರಿದು ಜನರನ್ನು ಇಳಿಸಿ ಬರುವವಳು. ಅವತ್ತು ಮನೆಗೆ ಬಂದು, ಆ ಪಾತ್ರೆ ನೋಡಿ, ನನ್ನನ್ನೂ ಇಳಿಸಲು ನಿಂತಳು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಸರಿಹೋಗುತ್ತಿತ್ತು. ಅವಳು ಮೆಲ್ಲಗೆ ಹೇಳಿದಳು.

"ಅತ್ತೆ, ಇನ್ಮೇಲೆ ಒಲೆ ಹತ್ರ ಬರ್ಬೇಡಿ. ನಲವತ್ತು ವರ್ಷ ಮಾಡಿದ್ದು ಸಾಕು. ಕೂತ್ಕೊಳ್ಳಿ."

ಕೂತ್ಕೊಳ್ಳಿ ಅಂತೆ. ಮೂಲೆಯಲ್ಲಿಟ್ಟ ಛತ್ರಿಗೂ ಮಳೆ ಬಂದಾಗ ಕೆಲಸವಿರುತ್ತದೆ. ನಿಮ್ಮಪ್ಪ ಎಂದಿನಂತೆ ಯಾವ ಕಡೆಗೂ ಸೇರದೆ ಬೀಗದ ಕೈ ಎಣಿಸುತ್ತಿದ್ದ. ಗ್ಯಾಸಿನ ಲೈಟರು ನನ್ನ ಸೊಂಟದಲ್ಲೇ ಇತ್ತು. ಅದರ ಮೇಲೆ ಕೈಯಿಟ್ಟು ಹೇಳಿದೆ: ಒಂದು ಬೆಳಗಿನ ತಿಂಡಿ ಮಾಡುತ್ತೇನೆ. ಈ ಮನೆಯಲ್ಲಿ ಯಾರೂ ಮಾಡದ್ದು, ಯಾರೂ ತಿನ್ನದ್ದು. ನಿಮ್ಮಕ್ಕನನ್ನೂ ಕರಿ. ಒಬ್ಬರ ತಟ್ಟೆಯಲ್ಲಿ ಒಂದು ಚಮಚ ಉಳಿದರೂ ಲೈಟರು ನಿನ್ನದು. ಉಳಿಯದಿದ್ದರೆ ಒಲೆಯ ಮಾತು ಮತ್ತೆ ಎತ್ತಕೂಡದು. ನಿಮ್ಮಮ್ಮ ಒಪ್ಪಿದಳು. ಯಾಕೆ ಒಪ್ಪುವುದಿಲ್ಲ? ಅವಳ ಅಕ್ಕ, ನಿನ್ನ ದೊಡ್ಡಮ್ಮ, ಹುಟ್ಟಿದಾಗಿನಿಂದ ತಟ್ಟೆಯಲ್ಲಿ ಏನಾದರೂ ಬಿಡದೆ ಎದ್ದವಳಲ್ಲ. ನನಗೂ ಅದು ಗೊತ್ತಿದ್ದೇ ಕರೆಸಿದೆ. ಸುಲಭದ ಗೆಲುವು ಯಾರಿಗೆ ಬೇಕು.

ಗುರುವಾರ, ನಿಮ್ಮಮ್ಮ ಡ್ಯೂಟಿಗೆ ಹೋದ ಮೇಲೆ, ಅರ್ಧ ಅಳತೆಯಲ್ಲಿ ಮಾಡಿ ನೋಡಿದೆ. ನೀನು ಬರೆದ ಹಾಗೇ ಮಾಡಿದೆ, ಆದರೆ ಕೈ ನನ್ನ ಮಾತು ಕೇಳಬೇಕಲ್ಲ. ಟೊಮೆಟೊ ಬಾಣಲೆಗೆ ಬಿದ್ದ ಕೂಡಲೆ ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು. ನಲವತ್ತು ವರ್ಷದ ಚಾಳಿ. ಮೇಲೆ ನಿನ್ನ ಚೀಸು ಬೇರೆ, ಅದೇ ಒಂದು ಸಮುದ್ರ. ನಿಮ್ಮಪ್ಪ ಊಟಕ್ಕೆ ಬಂದವನು ಎರಡು ತುತ್ತು ತಿಂದು, ಚೆನ್ನಾಗಿದೆಯಮ್ಮ ಅಂದು, ನಾಲ್ಕು ಲೋಟ ನೀರು ಕುಡಿದು ಹೋದ. ಬಡಪಾಯಿ, ಸುಳ್ಳು ಹೇಳಲೂ ಬರುವುದಿಲ್ಲ. ಹಾಗಾಗಿ ಶನಿವಾರ ಸಂಜೆ ಉಪ್ಪಿನ ಡಬ್ಬಿಯನ್ನೇ ಎದುರುಮನೆ ಟೈಲರ್ ಹತ್ತಿರ ಒಪ್ಪಿಸಿಬಂದೆ. ನಾಳೆ ಹತ್ತು ಗಂಟೆಯವರೆಗೆ ನಾನೇ ಬಂದು ಕೇಳಿದರೂ ಕೊಡಬೇಡ ಅಂದೆ. ರಾತ್ರಿ ನಿಮ್ಮಮ್ಮ ಸಾರಿಗೆ ಉಪ್ಪು ಹುಡುಕಿ ಹುಡುಕಿ, ಕಡೆಗೆ ಪಕ್ಕದ ಅಂಗಡಿಗೆ ಓಡಿದಳು. ನಾನು ಪೇಪರು ಓದುತ್ತಿದ್ದೆ.

ಇವತ್ತು ಐದೂವರೆಗೆ ಎದ್ದೆ. ನಮ್ಮ ಅಡುಗೆಮನೆಯ ಕಿಟಕಿ ನಿನಗೆ ನೆನಪಿದೆಯಲ್ಲ, ಕೈ ಚಾಚಿದರೆ ಟೈಲರ್ ಕಿಟಕಿ ಮುಟ್ಟುತ್ತದೆ. ಅವನೂ ಅಷ್ಟು ಹೊತ್ತಿಗೇ ಮೆಷಿನ್ ಮುಂದೆ ಕೂತಿದ್ದ, ಯಾವುದೋ ಶಾಲೆಯ ಯೂನಿಫಾರಂ ಆರ್ಡರಂತೆ. ಕಿಟಕಿ ಪೂರ್ತಿ ತೆರೆದಿಟ್ಟೆ. ಮೊದಲು ಎಂಟು ಟೊಮೆಟೊ ಅಡ್ಡಕ್ಕೆ ಸೀಳಿ ತುರಿಮಣೆಗೆ ಉಜ್ಜಿದೆ. ತಿರುಳೆಲ್ಲ ಕೆಳಗಿಳಿದು ಸಿಪ್ಪೆ ಮಾತ್ರ ಅಂಗೈಯಲ್ಲಿ ಉಳಿಯುತ್ತದೆ ಎಂದು ನೀನು ಬರೆದದ್ದು ನಿಜ. ಇಷ್ಟು ವರ್ಷ ಬಿಸಿನೀರಿಗೆ ಹಾಕಿ ಬೆರಳು ಸುಟ್ಟುಕೊಂಡು ಸಿಪ್ಪೆ ಬಿಡಿಸಿದ್ದಕ್ಕೆ ನನಗೇ ಬೈದುಕೊಂಡೆ. ದಪ್ಪ ಮೆಣಸಿನಕಾಯಿ ಸಣ್ಣಗೆ ಹೆಚ್ಚಿದೆ, ಎರಡು ಹಿಡಿ ಪಾಲಕ್ ತೊಳೆದು ಬಟ್ಟೆಯ ಮೇಲೆ ಹರವಿದೆ. ನಿನ್ನ ಎಣ್ಣೆ ಬಿಸಿಯಾದಾಗ ಈರುಳ್ಳಿ ಹಾಕಿದೆ.

"ಈರುಳ್ಳಿಯ ಹಸಿವಾಸನೆ ಹೋಗುವವರೆಗೆ" ಎಂದು ಬರೆದಿದ್ದೀಯ. ಗೆರೆ ಬೇರೆ ಎಳೆದಿದ್ದೀಯ. ಟೈಲರ್ ಮೆಷಿನ್ ಟರ್ ಎಂದು ಓಡುತ್ತಿತ್ತು. ಈರುಳ್ಳಿ ಅಂಚಿನಲ್ಲಿ ಗಾಜಿನ ಹಾಗಾಯಿತು, ಆಮೇಲೆ ಜೇನುಬಣ್ಣಕ್ಕೆ ತಿರುಗಿತು. ಆಗ ಮೆಷಿನ್ ನಿಂತಿತು. ಅವನು ತಲೆಯೆತ್ತಿ ಮೂಗರಳಿಸಿ ಈ ಕಡೆ ನೋಡಿದ. ಮೆಣಸಿನಕಾಯಿ ಹಾಕಿದೆ. ಟೊಮೆಟೊ ಸುರಿದೆ. ಮತ್ತೆ ಟರ್ ಶುರುವಾಯಿತು. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳದೆ ನಿಲ್ಲಬೇಕು, ಅಲ್ಲಿಯವರೆಗೆ ನೀರು ಇಂಗಿಸಿದೆ. ಗೆರೆ ನಿಂತ ಹೊತ್ತಿಗೇ ಮೆಷಿನ್ನೂ ನಿಂತಿತು. ನನ್ನ ಅಡುಗೆಗೆ ಹೊಲಿಗೆ ಮೆಷಿನ್ನೇ ನಿಲ್ಲುತ್ತದೆ, ನಿನ್ನ ಹೋಟೆಲಿನಲ್ಲಿ ಏನು ನಿಲ್ಲುತ್ತದೆ ಹೇಳು ನೋಡೋಣ.

ಪಾಲಕ್ ಬಾಡಿದ ಮೇಲೆ ಹತ್ತು ಮೊಟ್ಟೆ ಕದಡಿ ಸುರಿದು ಉರಿ ಇಳಿಸಿದೆ. ಗಡಬಡ ಕಲಕಬೇಡ, ಮಗುವಿನ ತೊಟ್ಟಿಲು ತೂಗಿದ ಹಾಗೆ ಬಾಣಲೆಯ ಅಂಚಿನಿಂದ ಎಳೆದುಕೋ ಎಂದು ಹೇಳಿಕೊಡಲು ನಿನಗೆ ಎಲ್ಲಿಂದ ಬಂತೋ. ನಿನಗೆ ತೊಟ್ಟಿಲು ತೂಗಿದವಳು ನಾನು. ಮೊಟ್ಟೆ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಚೀಸು ಪುಡಿಮಾಡಿ ಉದುರಿಸಿದೆ, ಸೊಪ್ಪಿನ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಮೇಲೆ ಹಾಕಿದೆ. ಕೈ ಆಗಲೂ ಉಪ್ಪಿನ ಡಬ್ಬಿಯ ಜಾಗಕ್ಕೆ ಹೋಯಿತು, ಖಾಲಿ ಹಲಗೆ ತಡವಿ ವಾಪಸ್ಸು ಬಂತು. ಕೆಂಪು, ಹಸಿರು, ಹಳದಿ, ಬಿಳಿ. ಬಾಣಲೆ ನೋಡಿದರೆ ಟೈಲರ್ ಅಂಗಡಿಯ ತುಂಡುಬಟ್ಟೆಯ ಬುಟ್ಟಿಯ ಹಾಗಿತ್ತು, ಆದರೆ ಎಷ್ಟು ಚಂದ.

ಎಂಟು ಗಂಟೆಗೆ ನಾಲ್ಕು ಜನ ಕೂತರು: ನಿಮ್ಮಪ್ಪ, ನಿಮ್ಮಮ್ಮ, ದೊಡ್ಡಮ್ಮ, ಟೈಲರ್. ಟೈಲರನ್ನು ಯಾಕೆ ಕರೆದಿರಿ ಎಂದು ನಿಮ್ಮಮ್ಮ ಕೇಳಿದ್ದಕ್ಕೆ, ಉಪ್ಪಿನ ಕಾವಲುಗಾರ ಅಂದೆ. ನಿಮ್ಮಪ್ಪ ಮೊದಲ ತುತ್ತಿಗೆ ಮುಂಚೆ ಚೊಂಬಿನ ತುಂಬ ನೀರು ತಂದಿಟ್ಟುಕೊಂಡ, ಗುರುವಾರದ ಭಯ. ಆ ನೀರು ಹಾಗೇ ಉಳಿಯಿತು. ಬ್ರೆಡ್ಡು ಮುರಿಯುವ ಸದ್ದು, ಅಷ್ಟೇ. ನಾನು ನಿಂತೇ ಇದ್ದೆ, ನಿನ್ನ ದೊಡ್ಡಮ್ಮನ ತಟ್ಟೆಯ ಮೇಲೆ ಕಣ್ಣಿಟ್ಟು. ಎಲ್ಲ ತಿಂದು ಕಡೆಗೆ ಅಂಚಿಗೆ ಒಂದು ತುಣುಕು ಸರಿಸಿದಳು. ನಿಮ್ಮಮ್ಮ ಅದನ್ನು ನೋಡಿದಳು. ನಾನೂ ನೋಡಿದೆ. ನನ್ನ ಎದೆಯೊಳಗೆ ಮೆಷಿನ್ ಓಡುತ್ತಿತ್ತು. ದೊಡ್ಡಮ್ಮ ನೀರು ಕುಡಿಯಲು ಲೋಟ ಎತ್ತಿ, ಏನೋ ನೆನಪಾದವಳ ಹಾಗೆ ಕೆಳಗಿಟ್ಟು, ಒಂದು ಚೂರು ಬ್ರೆಡ್ಡಿನಿಂದ ಆ ತುಣುಕನ್ನೂ ತಟ್ಟೆಯ ಎಣ್ಣೆಯನ್ನೂ ಒರೆಸಿ ಬಾಯಿಗಿಟ್ಟುಕೊಂಡಳು. ಆಮೇಲೆ ಇನ್ನೂ ಇದೆಯೇ ಎಂದು ಕೇಳಿದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳ ಬಾಯಿಂದ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಸೋತವರನ್ನು ಆಡಿಕೊಳ್ಳಬಾರದು ಅಂದುಕೊಂಡೆ, ಆದರೂ ಸ್ವಲ್ಪ ಆಡಿಕೊಂಡೆ. ನಿಮ್ಮಮ್ಮ ನಕ್ಕಳು. ನಿಜವಾಗಿ ನಕ್ಕಳು, ಗುಂಡುಸೂಜಿ. ತಟ್ಟೆ ಎತ್ತುತ್ತಾ, ಇನ್ನು ಒಲೆಯ ವಿಷಯ ಎತ್ತುವುದಿಲ್ಲ ಅಂದಳು. ಆಗ ನಾನು ಸೊಂಟದಿಂದ ಲೈಟರು ತೆಗೆದು ಅವಳ ಕೈಯಲ್ಲಿಟ್ಟೆ.

"ಅತ್ತೆ, ಗೆದ್ದಿದ್ದು ನೀವು. ಮತ್ಯಾಕೆ?"

"ಗೆದ್ದಿದ್ದಕ್ಕೇ ಕೊಡ್ತಿರೋದು. ಸೋತಿದ್ರೆ ನೀನು ಕಿತ್ಕೋಬೇಕಿತ್ತು, ನಾನು ಬಿಡ್ತಿರ್ಲಿಲ್ಲ. ಹೆಚ್ಚೋದು, ರುಬ್ಬೋದು, ಬೈಯೋದು ನಂದು. ಬೆಂಕಿ ನಿಂದು."

ಅವಳು ಲೈಟರು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಟಿಕೆಟಿಲ್ಲದವರನ್ನು ಅವಳು ಹಾಗೇ ನೋಡಿ ಹಿಡಿಯುವುದಂತೆ. ಪಾತ್ರೆ ತೊಳೆಯುವುದಿದೆ ಅಂತ ನಾನು ಒಳಗೆ ಬಂದುಬಿಟ್ಟೆ.

ಇಷ್ಟು ಸುದ್ದಿ. ನಿನ್ನ ಹೋಟೆಲಿನ ಯಜಮಾನಿಗೆ ಹೇಳು, ನಿಮ್ಮ ಅಡುಗೆ ನನ್ನ ಅಜ್ಜಿಯ ಕೈಯಲ್ಲಿ ಇನ್ನೂ ಒಂದು ಮೆಟ್ಟಿಲು ಹತ್ತಿತು ಅಂತ. ಹೊತ್ತಿಗೆ ಸರಿಯಾಗಿ ಉಣ್ಣು, ಬೇರೆಯವರಿಗೆ ಬಡಿಸುವವರು ತಾವು ಉಣ್ಣುವುದನ್ನೇ ಮರೆಯುತ್ತಾರೆ. ನಿನ್ನ ಕೈಗೆ ಸುಟ್ಟಗಾಯವಾಗದಿರಲಿ, ನಿನ್ನ ಮುಂದೆ ಕೂತವರ ತಟ್ಟೆ ಯಾವತ್ತೂ ಹೀಗೇ ಖಾಲಿಯಾಗಿ ಏಳಲಿ.

ನಿನ್ನನ್ನು ಎತ್ತಿ ಆಡಿಸಿದವಳು,
ಅಜ್ಜಿ

ತಾ.ಕ.: ಇದನ್ನು ಬರೆಯಬಾರದು ಅಂತ ಅಂಟು ಹಚ್ಚಿದ ಮೇಲೆ ಲಕೋಟೆ ಬಿಡಿಸಿದ್ದೇನೆ. ಚಳಿಗಾಲದಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ನನ್ನ ಮೂಗನ್ನು ತೆಗೆದುಕೊಂಡು ಹೋಯಿತು. ನಾಲಿಗೆಗೆ ಉಪ್ಪು, ಹುಳಿ ತಿಳಿಯುತ್ತದೆ, ವಾಸನೆ ಒಂದೂ ಇಲ್ಲ. ಹಾಲು ಸೀದಾಗ ನಾನು ಪಕ್ಕದ ಕೋಣೆಯಲ್ಲೇ ಇದ್ದೆ, ಮರೆವಲ್ಲ. ಹೋದ ತಿಂಗಳು ಗ್ಯಾಸಿನ ಗುಬ್ಬಿ ಅರ್ಧ ತೆರೆದಿತ್ತು. ನಾನು ಲೈಟರು ಹಿಡಿದು ಹೋಗುತ್ತಿದ್ದೆ, ಟೈಲರ್ ಕಿಟಕಿಯಿಂದ ಕೂಗಿಕೊಂಡ. ಅವತ್ತೇ ಅವನಿಗೆ ಗೊತ್ತಾಯಿತು. ಯಾರಿಗೂ ಹೇಳದಂತೆ ಮಾತು ತೆಗೆದುಕೊಂಡಿದ್ದೇನೆ. ಇವತ್ತು ಹಸಿವಾಸನೆ ಹೋದ ಕೂಡಲೆ ಮೆಷಿನ್ ನಿಲ್ಲಿಸಬೇಕು ಎಂದು ಒಪ್ಪಂದ, ಎರಡು ತಟ್ಟೆ ತಿಂಡಿ ಅವನ ಕೂಲಿ. ಡಾಕ್ಟರು, ಈ ವಯಸ್ಸಿನಲ್ಲಿ ವಾಸನೆ ತಿರುಗಿ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ ಅಂದರು. ಒಲೆ ಹೋದದ್ದಕ್ಕೆ ನನಗೆ ದುಃಖವಿಲ್ಲ, ತಲೆಯೆತ್ತಿಕೊಂಡು ಕೊಟ್ಟೆ.

ನಿನ್ನ ತಾತನ ಮರಗೆಲಸದ ಅಂಗಿ ಪೆಟ್ಟಿಗೆಯಲ್ಲಿದೆ, ನಿನಗೆ ಗೊತ್ತು. ಅವರು ಹೋದಾಗಿನಿಂದ ಒಗೆದಿಲ್ಲ. ತಿಂಗಳಿಗೊಂದು ಸಲ ತೆಗೆದು ಮುಖಕ್ಕೆ ಹಿಡಿದು ಮಡಿಸಿಡುತ್ತಿದ್ದೆ. ಜ್ವರ ಬಿಟ್ಟ ಮೇಲೆ ತೆಗೆದರೆ ಬರೀ ಬಟ್ಟೆ. ಪೆಟ್ಟಿಗೆಯ ಮುಚ್ಚಳ ಸರಿಯಿಲ್ಲ, ಎಲ್ಲ ಹಾರಿಹೋಗಿದೆ ಎಂದು ನಿಮ್ಮಪ್ಪನಿಗೆ ಬೈದೆ. ನಿಮ್ಮಮ್ಮ ಬಂದು ಅಂಗಿ ಮೂಸಿ ಹೇಳಿದಳು: "ಇಲ್ಲ ಅತ್ತೆ, ಮರದ ಪುಡಿ ವಾಸನೆ ಗಮ್ಮಂತಿದೆ. ಮಾವ ಈಗಷ್ಟೇ ಎದ್ದು ಹೋದ ಹಾಗಿದೆ."

ಅವರು ಅಲ್ಲೇ ಇದ್ದಾರೆ. ನನಗೆ ಮಾತ್ರ ಒಳಗೆ ಹೋಗಲು ಆಗುತ್ತಿಲ್ಲ.

ನೀನು ರಜೆಗೆ ಬಂದಾಗ ಆ ಅಂಗಿ ಮೂಸಿ ನೋಡು. ಆಮೇಲೆ ಈ ಅಡುಗೆ ಬರೆದೆಯಲ್ಲ, ಹಾಗೇ ಬರೆದು ಕೊಡು: ಮರ ಎಷ್ಟು, ಪಾಲಿಶ್ ಎಷ್ಟು, ಬೆವರು ಎಷ್ಟು, ಯಾವುದು ಮೊದಲು, ಯಾವುದು ಆಮೇಲೆ. ಒಂದೂ ಬಿಡಬೇಡ. ನೀನು ಸರಿಯಾಗಿ ಬರೆದರೆ, ಮೂಗಿಲ್ಲದೆಯೂ ಅಜ್ಜಿ ಮಾಡಿಕೊಳ್ಳುತ್ತಾಳೆ.